ಕೊನೆಯ ಪಂಕ್ತಿಗೂ ಪುಸ್ತಕ ಉಳಿಯಲಿ

ಸಮಾರಾಧನೆಯ ಊಟವನ್ನು ಉಂಡ ವಾಚಕರೆಲ್ಲರಿಗೂ ಒಂದು ಸಂಗತಿ ತಿಳಿದಿರುವುದಷ್ಟೆ. ಅನುಭವಿಗಳಾದ ಅಡಿಗೆಯ ಭಟ್ಟರು ಮೊದಲ ಪಂಕ್ತಿಗೆ ಪಾಯಸವನ್ನು ಬಡಿಸುವ ಮುನ್ನವೇ ಒಂದು ಪಾತ್ರೆಯನ್ನು ಒಳಗೆ ಮುಚ್ಚಿಡುತ್ತಾರೆ. ಇದು ಜಿಪುಣತನವಲ್ಲ, ಬಡಿಸಿ ಬಡಿಸಿ ದಣಿದು ಕಟ್ಟಕಡೆಗೆ ಎಲೆಯ ಮುಂದೆ ಕೂಡುವವರಿಗೂ ಒಂದು ಸೌಟು ಸಿಕ್ಕಲೆಂಬ ವಿವೇಕ. ಕಾಲೇಜಿನ ಗ್ರಂಥಾಲಯಗಳಲ್ಲಿ ಪಠ್ಯಗ್ರಂಥಗಳನ್ನು ಕಾಯ್ದಿರಿಸುವ ಪದ್ಧತಿಯ ತಿರುಳೂ ಇದೇ ಆಗಿದೆ.

ಎಸ್.ಎಸ್.ಎಲ್.ಸಿ.ಗೇ ಓದನ್ನು ಮುಗಿಸಿ ಹೋಟೆಲು ಸೇರಿದ ನಮಗೆ ಕಾಲೇಜಿನ ವಿಚಾರವೇಕೆಂದು ಕೆಲವರು ಕೇಳಿಯಾರು. ನಾವು ಸೂರತ್ತಿನಲ್ಲಿ ಹೋಟೆಲು ನಡೆಸುತ್ತಿದ್ದಾಗ ಕುಂದಾಪುರದ ಕಡೆಯ ತರುಣನೊಬ್ಬನು ನಮ್ಮ ಗಲ್ಲೆಯ ಮೇಲಿದ್ದನು. ಬೆಳಿಗ್ಗೆ ಏಳಕ್ಕೆ ವಾಣಿಜ್ಯ ಕಾಲೇಜಿನ ತರಗತಿ; ಹನ್ನೊಂದಕ್ಕೆ ಕೆಲಸಕ್ಕೆ ಹಾಜರು; ರಾತ್ರಿ ಲೆಕ್ಕ ಮುಗಿದ ಮೇಲೆಯೇ ಬಿಡುಗಡೆ. ಲೆಕ್ಕಶಾಸ್ತ್ರದ ಒಂದು ದೊಡ್ಡ ಗ್ರಂಥ ಅವನಿಗೆ ಅವಶ್ಯವಾಗಿತ್ತು. ಊರಿಗೆ ಹಣ ಕಳುಹಿಸಿದ ಮೇಲೆ ಅದನ್ನು ಕೊಳ್ಳುವಷ್ಟು ಸಂಬಳ ಉಳಿಯುತ್ತಿರಲಿಲ್ಲ. ಸಂಜೆ ಒಂದು ಗಂಟೆಯ ಬಿಡುವು ಬೇಡಿ ಗ್ರಂಥಾಲಯಕ್ಕೆ ಓಡುವನು; ಬರಿಗೈಯಲ್ಲಿ ಬಂದು, “ಧಣಿಗಳೇ, ಪುಸ್ತಕ ಇಂದೂ ಹೊರಗೆ ಹೋಗಿದೆಯಂತೆ” ಎನ್ನುವನು. ಮೂರನೆಯ ಸಲ ನಾವು, “ತಿಂಡಿಯ ಹೊತ್ತಿಗೆ ಗಲ್ಲೆ ಬಿಟ್ಟು ಹೋಗಬೇಡ” ಎಂದುಬಿಟ್ಟೆವು. ಆ ವರ್ಷ ಅವನು ಅದೊಂದೇ ವಿಷಯದಲ್ಲಿ ಅನುತ್ತೀರ್ಣನಾದನು. ನಮ್ಮ ಆ ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತಿದೆ.

ದೋಷವು ಗ್ರಂಥದ ಅಭಾವದಲ್ಲಿ ಮಾತ್ರವಿರಲಿಲ್ಲ, ಹಂಚಿಕೆಯಲ್ಲಿಯೂ ಇತ್ತು. ಗುಮಾಸ್ತರಾದ ವಾಚಕರು ಈ ಲೆಕ್ಕವನ್ನು ತಾಳೆ ನೋಡಬಹುದು. ತರಗತಿಯಲ್ಲಿ 60 ವಿದ್ಯಾರ್ಥಿಗಳು, ಗ್ರಂಥಾಲಯದಲ್ಲಿ 3 ಪ್ರತಿಗಳು ಎಂದಿಟ್ಟುಕೊಳ್ಳೋಣ. ಒಮ್ಮೆ ಒಯ್ದವರು 14 ದಿನ ಇಟ್ಟುಕೊಳ್ಳಬಹುದಾದರೆ, 16 ವಾರಗಳ ಅವಧಿಯಲ್ಲಿ ಪ್ರತಿಯೊಂದಕ್ಕೆ 8 ಸರದಿ, ಒಟ್ಟು 24 ಜನ. ಉಳಿದ 36 ಮಂದಿಗೆ ಗ್ರಂಥದ ದರ್ಶನವೇ ಇಲ್ಲ! ಅದೇ 3 ಪ್ರತಿಗಳನ್ನು ಕಾಯ್ದಿರಿಸಿ, ಅಲ್ಲಿಯೇ ಕುಳಿತು ಓದಲು ಎರಡೆರಡು ಗಂಟೆ ಕೊಟ್ಟರೆ, ಎಂಟು ಗಂಟೆ ತೆರೆದಿರುವ ಗ್ರಂಥಾಲಯದಲ್ಲಿ ದಿನಕ್ಕೆ 12 ಜನ ಓದಬಹುದು. ಐದೇ ದಿನಗಳಲ್ಲಿ 60 ಮಂದಿಯ ಸರದಿಯೂ ಮುಗಿಯುತ್ತದೆ. ಒಂದು ಕಾಸಿನ ಹೆಚ್ಚಿನ ಖರ್ಚೂ ಇಲ್ಲ.

ಕ್ರಮವೂ ಸರಳವಾದುದೇ. ಅಧ್ಯಾಪಕರು ಪಾಠಗಳು ಆರಂಭವಾಗುವ ಮುನ್ನವೇ ಗ್ರಂಥದ ಹೆಸರು, ಕರ್ತೃ, ಮುದ್ರಣ, ಬೇಕಾದ ಅಧ್ಯಾಯ, ಇಡಬೇಕಾದ ಅವಧಿ ಇವಿಷ್ಟನ್ನು ಬರೆದು ಗ್ರಂಥಪಾಲರಿಗೆ ಕೊಡಬೇಕು. ಗ್ರಂಥಪಾಲರು ಅವುಗಳನ್ನು ಸಾಮಾನ್ಯ ಕಪಾಟಿನಿಂದ ತೆಗೆದು ತಮ್ಮ ಮೇಜಿನ ಹಿಂದೆ ಬೇರೆಯಾಗಿ ಇರಿಸುತ್ತಾರೆ. ಸಂಜೆ ಬಾಗಿಲು ಮುಚ್ಚುವಾಗ ಒಯ್ದು ಮರುದಿನ ಬಾಗಿಲು ತೆರೆಯುತ್ತಲೇ ಒಪ್ಪಿಸುವ ರಾತ್ರಿಯ ಎರವಲು ಅನೇಕ ಕಡೆಗಳಲ್ಲಿ ರೂಢಿಯಲ್ಲಿದೆ. ಹಗಲೆಲ್ಲ ದುಡಿಯುವ ನಮ್ಮವರಿಗೆ ಇದೇ ಸಂಜೀವಿನಿ.

ಗುಜರಾತಿಗೆ ಇಂತಹ ಔದಾರ್ಯವು ಹೊಸದಲ್ಲ. ಸೂರತ್ತಿನ ಆಂಡ್ರೂಸ್ ಗ್ರಂಥಾಲಯವು 1850ರಷ್ಟು ಹಳೆಯದು. ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದಿಂದ ಬೋರ್ಡನ್ ಎಂಬ ತಜ್ಞರನ್ನು ಕರೆಯಿಸಿ, ಸಂಸ್ಥಾನದಲ್ಲೆಲ್ಲ ಉಚಿತ ಗ್ರಂಥಾಲಯಗಳ ವ್ಯವಸ್ಥೆಯನ್ನು ಹೂಡಿದರು. ಪೆಟ್ಟಿಗೆಗಳಲ್ಲಿ ಪುಸ್ತಕಗಳನ್ನು ತುಂಬಿ ಹಳ್ಳಿಹಳ್ಳಿಗೆ ಕಳುಹಿಸಿದರು. ಓದುಗನು ಬರಲಾಗದಿದ್ದರೆ ಗ್ರಂಥವೇ ಅವನಲ್ಲಿಗೆ ಹೋಗಬೇಕೆಂಬುದು ಅಲ್ಲಿನ ಭಾವನೆ. ತಮ್ಮ ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಅಲ್ಲಿ ಗ್ರಂಥಾಲಯ ಶಾಸ್ತ್ರದ ಸಂಶೋಧನ ಕೇಂದ್ರವನ್ನು ಸ್ಥಾಪಿಸಿದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿಯೇ ಐದು ಸೂತ್ರಗಳನ್ನು ಪ್ರಕಟಿಸಿದ್ದರು. ಗ್ರಂಥವಿರುವುದು ಉಪಯೋಗಕ್ಕೆ ಎಂಬುದು ಅವುಗಳಲ್ಲಿ ಮೊದಲನೆಯದು. ಓದುಗನ ಕಾಲವನ್ನು ಉಳಿಸಬೇಕೆಂಬುದು ನಾಲ್ಕನೆಯದು. ಹನ್ನೆರಡು ಗಂಟೆ ದುಡಿಯುವವನಿಗೆ ಉಳಿಯುವ ಕಾಲವಾದರೂ ಎಷ್ಟು?

ಈಗ ಗ್ರಂಥದ ಭಾಗಗಳನ್ನು ಛಾಯಾಪ್ರತಿ ಮಾಡಿ ಕಾಯ್ದಿರಿಸುವ ಕ್ರಮವೂ ಬಂದಿದೆ. ಇದು ಅಪರಾಧವಾದೀತೆಂದು ಹಿಂಜರಿಯುವವರುಂಟು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ಮೊದಲಾದ ಪ್ರಕಾಶಕರು ದೆಹಲಿ ವಿಶ್ವವಿದ್ಯಾನಿಲಯದ ಮೇಲೂ ಅಲ್ಲಿಯ ಒಂದು ಛಾಯಾಪ್ರತಿಯ ಅಂಗಡಿಯ ಮೇಲೂ ದಾವೆ ಹೂಡಿದ್ದರು. ಪಾಠದ ಉದ್ದೇಶಕ್ಕೆ ಅವಶ್ಯವಾದಷ್ಟು ಭಾಗವನ್ನು ಪ್ರತಿ ಮಾಡಲು 1957ರ ಕೃತಿಸ್ವಾಮ್ಯ ಕಾನೂನಿನಲ್ಲಿ ಅವಕಾಶವಿದೆಯೆಂದು ದೆಹಲಿ ಉಚ್ಚ ನ್ಯಾಯಾಲಯವು 2016ರಲ್ಲಿ ತೀರ್ಮಾನಿಸಿತು. 2017ರಲ್ಲಿ ಪ್ರಕಾಶಕರು ದಾವೆಯನ್ನು ಹಿಂತೆಗೆದುಕೊಂಡರು. ಹಾಗೆಂದು ಅಂಗಡಿಯಲ್ಲಿ ಮಾರಲು ಇಡೀ ಪುಸ್ತಕವನ್ನೇ ಅಚ್ಚು ಹಾಕಿಸಬಹುದೆಂದು ಯಾರೂ ತಿಳಿಯಬಾರದು. ಅವಕಾಶವಿರುವುದು ಪಾಠಕ್ಕೆ, ವ್ಯಾಪಾರಕ್ಕಲ್ಲ.

ವಿದ್ಯಾರ್ಥಿಗಳಿಗೂ ಒಂದು ಮಾತು. ಕಾಯ್ದಿಟ್ಟ ಪುಸ್ತಕದ ಹಾಳೆಯನ್ನು ಹರಿದವನು, ಹೊತ್ತು ಮೀರಿ ಇಟ್ಟುಕೊಂಡವನು, ಬೇರೊಬ್ಬರಿಗೆ ಸಿಕ್ಕದಿರಲೆಂದು ಬೇರೆ ಕಪಾಟಿನಲ್ಲಿ ಬಚ್ಚಿಟ್ಟವನು, ಪಕ್ಕದವನ ಎಲೆಗೆ ಕೈ ಹಾಕಿದವನಿಗೆ ಸಮಾನ. ಪರೀಕ್ಷೆಯಲ್ಲಿ ತೇರ್ಗಡೆಯಾದವರು ತಮ್ಮ ಹಳೆಯ ಪಠ್ಯಗ್ರಂಥಗಳನ್ನು ರದ್ದಿಗೆ ಹಾಕದೆ, ಕನ್ನಡಿಗರು ಸೇರುವೆಡೆಯಲ್ಲಿ ಒಂದು ಕಪಾಟು ಮಾಡಿ ಇರಿಸಿದರೆ, ಮುಂದಿನ ವರ್ಷದ ತಮ್ಮ ತಂಗಿಯರಿಗೆ ಅದೇ ಕಾಯ್ದಿಟ್ಟ ಗ್ರಂಥಾಲಯವಾಗುತ್ತದೆ.

ಕಟ್ಟಕಡೆಗೆ ನಮ್ಮ ವೃತ್ತಿಬಾಂಧವರಾದ ಹೋಟೆಲಿನ ಧಣಿಗಳಲ್ಲಿ ಬಿನ್ನಹ. ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ, ಹಗಲು ಲೋಟ ತೊಳೆದು ರಾತ್ರಿ ಓದಿ ಮುಂದೆ ಬಂದವರನ್ನು ನಾವೆಲ್ಲರೂ ಬಲ್ಲೆವು. ಅವರ ಹೆಸರು ಹೇಳಿ ಹೆಮ್ಮೆಯನ್ನೂ ಪಡುತ್ತೇವೆ. ಆದರೆ ಗ್ರಂಥಪಾಲರು ಪುಸ್ತಕವನ್ನು ಕಾಯ್ದಿರಿಸಿದರೂ ಅದನ್ನು ತರಲು ಹುಡುಗನಿಗೆ ಬಿಡುವೇ ಇಲ್ಲದಿದ್ದರೆ ಪ್ರಯೋಜನವೇನು? ಪುಸ್ತಕವನ್ನು ಕಾಯ್ದಿರಿಸುವ ಹೊಣೆ ಕಾಲೇಜಿನದು; ದಿನಕ್ಕೊಂದು ಗಂಟೆಯನ್ನು ಕಾಯ್ದಿರಿಸುವ ಹೊಣೆ ನಮ್ಮದು. ತಿಂಡಿಯ ಹೊತ್ತಿನಲ್ಲಿ ಒಂದು ಗಂಟೆ ನಾವೇ ಗಲ್ಲೆಯ ಮೇಲೆ ಕುಳಿತರೆ ಹೋಟೆಲೇನೂ ಮುಳುಗುವುದಿಲ್ಲ. ಅಂದು ನಾವು ಕುಳಿತುಕೊಳ್ಳಲಿಲ್ಲ; ಆದುದರಿಂದಲೇ ಇಂದು ಇದನ್ನು ಬರೆಯುತ್ತಿದ್ದೇವೆ.