ಹೋರಿ ಹಬ್ಬದಲ್ಲಿ ಕ್ಯಾಮೆರಾದವರು ಎಲ್ಲಿ ನಿಲ್ಲಬೇಕು

ಬಲಿಪಾಡ್ಯಮಿ ಕಳೆದದ್ದೇ ತಡ, ಶಿಕಾರಿಪುರ, ಸೊರಬದ ಊರುಗಳಲ್ಲಿ ಹೋರಿ ಬೆದರಿಸುವ ಹಬ್ಬದ ಸಡಗರ ಶುರು. ಕೊರಳಿಗೆ ಕೊಬ್ಬರಿ ಸರ, ಬೆನ್ನ ಮೇಲೆ ಜೂಲ, ಬಲೂನು, ರಿಬ್ಬನ್ನು ಕಟ್ಟಿಸಿಕೊಂಡ ಹೋರಿಗಳನ್ನು ಒಂದೊಂದಾಗಿ ಅಖಾಡಕ್ಕೆ ಬಿಡುತ್ತಾರೆ. ಎರಡೂ ಬದಿ ಕಿಕ್ಕಿರಿದ ಜನರ ನಡುವೆ ಅದು ನುಗ್ಗುವಾಗ ಕೊಬ್ಬರಿ ಹರಿಯಲು ಹುಡುಗರು ಮೇಲೆ ಬೀಳುತ್ತಾರೆ. ಇಷ್ಟು ಚೆಂದದ ಚಿತ್ರ ಸಿಗುವ ಬೇರೆ ಜಾಗ ನಮ್ಮ ಕಡೆ ಕಡಿಮೆ. ಆದರೆ 2022ರ ದೀಪಾವಳಿಯ ಹೊತ್ತಿಗೆ ಈ ಎರಡೂ ತಾಲ್ಲೂಕುಗಳಲ್ಲಿ ಹೋರಿ ಹಾಯ್ದು ಜೀವ ಹೋಗಿದೆ. ಕೊಬ್ಬರಿ ಹರಿಯಲು ನಿಂತವನ ಕಣ್ಣು, ಕಾಲು ಎರಡೂ ಹೋರಿಗಾಗಿಯೇ ಸಜ್ಜಾಗಿರುತ್ತವೆ. ಫೋಟೊ ತೆಗೆಯುವವನ ಕಣ್ಣು ಗಾಜಿನ ಹಿಂದಿರುತ್ತದೆ, ಕೈ ಖಾಲಿ ಇರುವುದಿಲ್ಲ. ಅಂಥವನ ಆತ್ಮರಕ್ಷಣೆ ಧೈರ್ಯದಿಂದಲೋ ಚುರುಕಿನಿಂದಲೋ ಆಗುವುದಲ್ಲ. ಕ್ಯಾಮೆರಾ ಹೊರತೆಗೆಯುವ ಮೊದಲೇ ನಿಲ್ಲುವ ಜಾಗವನ್ನು ಆರಿಸಿಕೊಳ್ಳುವುದರಲ್ಲೇ ಅದು ಮುಕ್ಕಾಲು ಪಾಲು ತೀರ್ಮಾನವಾಗಿಬಿಡುತ್ತದೆ.

ಇದಕ್ಕೆ ಕಾರಣ ಲೆನ್ಸಿನ ಗುಣದಲ್ಲೇ ಇದೆ. ಮೊಬೈಲಿನ ಮುಖ್ಯ ಕ್ಯಾಮೆರಾ ಅಗಲ ನೋಟದ್ದು. ಎದುರಿನ ವಸ್ತುವನ್ನು ಚಿಕ್ಕದಾಗಿ, ದೂರದಲ್ಲಿರುವಂತೆ ತೋರಿಸುತ್ತದೆ. ಪರದೆಯ ಮೇಲೆ ‘ಇನ್ನೂ ಆಚೆಗಿದೆ’ ಎನಿಸುವ ಹೋರಿ ನಿಜಕ್ಕೂ ಹತ್ತಿರಕ್ಕೆ ಬಂದಾಗಿರುತ್ತದೆ. ಗಂಟೆಗೆ 30 ಕಿ.ಮೀ. ವೇಗ ಎಂದಿಟ್ಟುಕೊಂಡರೂ ಅದು ಸೆಕೆಂಡಿಗೆ 8 ಮೀಟರ್ ದಾಟುತ್ತದೆ; 20 ಮೀಟರ್ ಆಚೆ ಕಂಡದ್ದು ಮೈಮೇಲೆ ಬರಲು ಎರಡೂವರೆ ಸೆಕೆಂಡು ಸಾಕು. ಪರದೆಯಿಂದ ಕಣ್ಣೆತ್ತಿ, ಯಾವ ಕಡೆ ಜಿಗಿಯಬೇಕೆಂದು ಯೋಚಿಸುವಷ್ಟರಲ್ಲಿ ಆ ಹೊತ್ತು ಮುಗಿದಿರುತ್ತದೆ. ದೊಡ್ಡ ಟೆಲಿ ಲೆನ್ಸಿನದು ಇನ್ನೊಂದು ತೊಂದರೆ: ಎದುರಿನ ಹೋರಿ ನಿಚ್ಚಳ, ಪಕ್ಕದಿಂದ ಬರುವುದು ಕಾಣುವುದೇ ಇಲ್ಲ. ಅಖಾಡ ದಾಟಿದ ಹೋರಿ ಕೂಡಲೇ ಮಾಲೀಕನ ಕೈಗೆ ಸಿಗುತ್ತದೆಂಬ ಖಾತ್ರಿ ಇಲ್ಲ. ಬೆದರಿದ್ದು ತಿರುಗಿ ಬಂದರೆ ಲೆನ್ಸಿಗೆ ಕಣ್ಣಿಟ್ಟವನ ಬೆನ್ನಿಗೇ ಬರುತ್ತದೆ. ಆದ್ದರಿಂದ ಬೆನ್ನಿಗೆ ಗಟ್ಟಿ ಆಸರೆ ಇರುವ ಎತ್ತರದ ಜಾಗ, ಅಂದರೆ ಮನೆಯ ತಾರಸಿಯೋ ಟ್ರ್ಯಾಕ್ಟರಿನ ಟ್ರೇಲರೋ ಬೇಕು. ಹಿಂದೆ ನೋಡಲು, ಹೆಗಲು ಹಿಡಿದೆಳೆಯಲು ಒಬ್ಬ ಜೊತೆಗಾರ ಬೇಕು. ಕ್ಯಾಮೆರಾ ಪಟ್ಟಿ ಕೊರಳಲ್ಲಿ ನೇತಾಡಬಾರದು, ಕೊಂಬಿಗೆ ಸಿಕ್ಕಿದರೆ ಬಿಡಿಸಿಕೊಳ್ಳಲಾಗದು. ಅಷ್ಟಾಗಿಯೂ ನೆಲಕ್ಕೆ ಬಿದ್ದರೆ ಏಳುವ ಆತುರ ಬೇಡ, ತಲೆಯನ್ನು ಕೈಯಿಂದ ಮುಚ್ಚಿ ಮುದುಡಿ ಮಲಗುವುದೇ ಸರಿ. ಸ್ಪೇನಿನ ಪಾಂಪ್ಲೋನಾದಲ್ಲಿ ಗೂಳಿಗಳ ಮುಂದೆ ಓಡುವವರಿಗೆ ಹೇಳಿಕೊಡುವುದೂ ಇದನ್ನೇ.

ಹತ್ತಿರ ಹೋಗದೆ ಒಳ್ಳೆಯ ಚಿತ್ರ ಬರುವುದಿಲ್ಲ ಎನ್ನುವವರಿದ್ದಾರೆ. ಮಾತು ಪೂರ್ತಿ ಸುಳ್ಳಲ್ಲ. ಹುಡುಗನ ಕೈ ಕೊಬ್ಬರಿಗೆ ತಗಲುವ ಆ ಗಳಿಗೆ ದೂರದಿಂದ ಸೊರಗಿ ಕಾಣುತ್ತದೆ. ಆದರೆ ಪಾಂಪ್ಲೋನಾವನ್ನೇ ನೋಡಿ. ಅಲ್ಲಿ ಓಟದ ದಾರಿಯ ಬದಿಯಲ್ಲಿ ಒಂದರ ಹಿಂದೊಂದು ಎರಡು ಸಾಲು ಮರದ ಬೇಲಿ. ನಡುವಿನ ಜಾಗ ವೈದ್ಯಕೀಯ ಸಿಬ್ಬಂದಿಗೆ, ಅನುಮತಿ ಪಡೆದ ಪತ್ರಿಕಾ ಛಾಯಾಗ್ರಾಹಕರಿಗೆ. ಓಡುತ್ತಾ ಚಿತ್ರ ತೆಗೆಯುವುದಕ್ಕೆ ನಿಷೇಧ, ದಂಡ. ಆ ಬೇಲಿಯ ಹಿಂದಿನಿಂದಲೇ ಜಗತ್ತು ನೋಡುವ ಚಿತ್ರಗಳು ಬರುತ್ತವೆ. ಅದೇ ಸ್ಪೇನಿನ ವಿಲ್ಲಾಸೆಕಾ ದೆ ಲಾ ಸಾಗ್ರಾ ಎಂಬ ಊರಿನಲ್ಲಿ 2015ರ ಆಗಸ್ಟಿನಲ್ಲಿ ಮೊಬೈಲಿನಲ್ಲಿ ಓಟ ಚಿತ್ರಿಸುತ್ತಿದ್ದ ವ್ಯಕ್ತಿಯೊಬ್ಬ ಗೂಳಿ ತಿವಿದು ಸತ್ತ.

ಬೇಲಿ ಹಾಕುವುದು ಸಂಘಟಕರ ಹೊಣೆ, ಫೋಟೊ ತೆಗೆಯುವವನಿಗೇಕೆ ಉಪದೇಶ ಎಂಬ ಆಕ್ಷೇಪವೂ ನ್ಯಾಯವಾದದ್ದೇ. ಹಬ್ಬವನ್ನೇ ನಿಲ್ಲಿಸಿ ಎನ್ನುವವರ ಸಂಕಟವೂ ಅರ್ಥವಾಗುತ್ತದೆ. ಆದರೆ ಕಂಬಳಕ್ಕೂ ಹೋರಿ ಓಟಕ್ಕೂ ಅವಕಾಶ ಕೊಟ್ಟ ಕರ್ನಾಟಕದ ತಿದ್ದುಪಡಿ ಕಾಯ್ದೆಯನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಮೇ 18ರಂದು ಎತ್ತಿಹಿಡಿದಿದೆ. ಇಂಥ ಆಟಗಳು ನಡೆಯುತ್ತವೆ ಎಂದಾದ ಮೇಲೆ ಹೇಗೆ ನಡೆಯಬೇಕೆಂದು ಕೇಳುವುದು ನಮ್ಮ ಹಕ್ಕು. ಅನುಮತಿ ಕೊಡುವ ತಾಲ್ಲೂಕು ಆಡಳಿತ ಎರಡು ಸಾಲು ಬೇಲಿಯನ್ನು, ಕ್ಯಾಮೆರಾದವರಿಗೆ ಪ್ರತ್ಯೇಕ ಅಟ್ಟಣಿಗೆಯನ್ನು ಷರತ್ತಾಗಿ ಬರೆಯಲಿ. ಪತ್ರಿಕೆಗಳು, ಚಾನೆಲ್‌ಗಳು ಅಖಾಡದೊಳಗಿಂದ ತೆಗೆದ ದೃಶ್ಯ ಬೇಡ ಎಂದು ತಮ್ಮ ವರದಿಗಾರರಿಗೆ ಮೊದಲೇ ಹೇಳಲಿ. ತಿಂಗಳ ಸಂಬಳವೂ ವಿಮೆಯೂ ಇಲ್ಲದೆ, ಚಿತ್ರಕ್ಕಿಷ್ಟು ಎಂಬ ಲೆಕ್ಕದಲ್ಲಿ ದುಡಿಯುವ ಹುಡುಗ ಒಬ್ಬನೇ ‘ಇಲ್ಲ’ ಎನ್ನಲಾರ. ಅವನ ಪರವಾಗಿ ಸಂಸ್ಥೆಯೇ ಹೇಳಬೇಕಾಗುತ್ತದೆ.