ಹಿಮ ಬೀಳದ ಊರಿನಲ್ಲಿ ಹಿಮದ ಚಿತ್ರ

ಹಿಮ ಹೊದ್ದು ನಿಂತ ಮರದ ಮನೆ, ಅರ್ಧ ಹೂತ ಬೇಲಿ, ಕಿಟಕಿಯಲ್ಲಿ ಹಳದಿ ಬೆಳಕು. ಜಲವರ್ಣ ಕಲಿಯುವವರಿಗೆ ಈ ದೃಶ್ಯದ ಮೇಲೆ ಬಲು ಪ್ರೀತಿ. ಮೈಸೂರಿನಲ್ಲಿ ಹಿಮ ಬೀಳುವುದಿಲ್ಲ, ನಿಜ. ಆದರೆ ಅದನ್ನು ಬಿಡಿಸುವ ಪಾಠ ದೇವರಾಜ ಮೊಹಲ್ಲಾದಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಇದೆ.

ಜಲವರ್ಣದಲ್ಲಿ ಹಿಮಕ್ಕೆಂದು ಬಣ್ಣವಿಲ್ಲ. ಹಾಳೆಯ ಬಿಳುಪೇ ಹಿಮ. ಬಿಡಿಸಬೇಕಾದದ್ದು ನೆರಳನ್ನು. ತಿಳಿಯಾದ ದಿನ ಹಿಮದ ಮೇಲಿನ ನೆರಳಿಗೆ ಬೆಳಕು ಬರುವುದು ಆಕಾಶದಿಂದ, ಹಾಗಾಗಿ ಆ ನೆರಳು ನೀಲಿ. ಅಲ್ಟ್ರಾಮರೀನನ್ನು ನೀರಿನಲ್ಲಿ ತೆಳುಮಾಡಿ, ಚೂರೇ ಚೂರು ಬರ್ಂಟ್ ಸಿಯೆನಾ ಬೆರೆಸಿದರೆ ಸಾಕು. ಕಪ್ಪು ಬೆರೆಸಿದರೆ ಹಿಮ ಹೋಗಿ ಬೂದಿಯಾಗುತ್ತದೆ. ಸೂರಿನ ಅಂಚಿನಡಿ ಈ ನೀಲಿಯ ಒಂದು ಗೆರೆ ಎಳೆದು, ಕೆಳಬದಿಯನ್ನು ಒದ್ದೆ ಕುಂಚದಿಂದ ಕರಗಿಸಿ ನೋಡಿ: ಮಾಡಿನ ಮೇಲೆ ಗೇಣುದ್ದ ಹಿಮ ಕೂತಂತೆ ಕಾಣುತ್ತದೆ. ಕಿಟಕಿಯ ಹಳದಿಯನ್ನು ಮೊದಲೇ ಹಚ್ಚಿ ಒಣಗಿಸಿ, ಗೋಡೆಯ ಕಂದನ್ನು ಆಮೇಲೆ ಅದರ ಸುತ್ತ ತರಬೇಕು. ಸುತ್ತ ಕತ್ತಲಾದಷ್ಟೂ ದೀಪ ಉರಿಯುತ್ತದೆ.

ಇದೇ ಮಾತನ್ನು ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿರುವ, ದೀಪ ಹಿಡಿದ ಹೆಣ್ಣಿನ ಚಿತ್ರ ಹೇಳುತ್ತದೆ. ರವಿವರ್ಮನದೆಂದು ಎಷ್ಟೋ ಜನ ನಂಬಿರುವ ಅದು ಎಸ್.ಎಲ್. ಹಳದಣಕರ್ ಅವರ ಕೃತಿ. 1945–46ರ ಸುಮಾರಿಗೆ ಮಗಳನ್ನೇ ನಿಲ್ಲಿಸಿ ಬಿಡಿಸಿದ್ದು. ಜ್ವಾಲೆಗೆ ಅಡ್ಡ ಹಿಡಿದ ಅಂಗೈಯ ಬೆರಳುಗಳ ಅಂಚು ಕೆಂಪಾಗಿ ಹೊಳೆಯುವುದನ್ನು ಹತ್ತಿರದಿಂದ ನೋಡಬೇಕು. ಅಷ್ಟೂ ಜಲವರ್ಣ. ಮೈಸೂರಿನ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಸಿಗುವುದು ಕಷ್ಟ.

ಇನ್ನು ಹಿಮವನ್ನೇ ನೋಡಬೇಕೆಂದರೆ ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿಗೆ ಹೋಗಬೇಕು. ರಷ್ಯಾದಲ್ಲಿ ಹುಟ್ಟಿದ ನಿಕೊಲಸ್ ರೋರಿಕ್ 1928ರಲ್ಲಿ ಕುಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿ, 1947ರಲ್ಲಿ ತೀರಿಕೊಳ್ಳುವವರೆಗೂ ಹಿಮಾಲಯವನ್ನು ಬಿಡಿಸಿದರು. ಅವರ ಮಗ ಸ್ವೆತೊಸ್ಲಾವ್, ನಟಿ ದೇವಿಕಾ ರಾಣಿಯವರನ್ನು ಮದುವೆಯಾಗಿ ಕನಕಪುರ ರಸ್ತೆಯ ತಾತಗುಣಿಯಲ್ಲಿ ಬಾಳಿದ್ದರಿಂದ, ತಂದೆಯ ಹಿಮಶಿಖರಗಳು ನಮ್ಮ ನಾಡಿನ ಗೋಡೆಗೂ ಬಂದವು. ರೋರಿಕ್ ಹೆಚ್ಚಾಗಿ ಬಳಸಿದ್ದು ಟೆಂಪೆರಾ. ಎಣ್ಣೆಬಣ್ಣದ ಹೊಳಪು ಅದಕ್ಕಿಲ್ಲ. ಆ ಶಿಖರಗಳಲ್ಲಿ ಅಪ್ಪಟ ಬಿಳಿ ಎಷ್ಟಿದೆಯೆಂದು ಹುಡುಕಿದರೆ ಕಣ್ಣಿಗೆ ಬೀಳುವುದು ನೀಲಿ, ನೇರಳೆ, ಸಂಜೆಯ ಗುಲಾಬಿ.