ಬೊಕೋರ್ ಬೆಟ್ಟದ ಹೋಟೆಲು: ಚರಿತ್ರೆ ಮತ್ತು ಐತಿಹ್ಯ

ಕಾಂಬೋಡಿಯಾದ ದಕ್ಷಿಣ ಕರಾವಳಿಯ ಕಾಂಪೋಟ್ ಪಟ್ಟಣಕ್ಕೆ ಸಮೀಪದಲ್ಲಿ ಡಾಮ್ರೇ ಎಂಬ ಗಿರಿಶ್ರೇಣಿಯಿದೆ. ಖ್ಮೇರ್ ಭಾಷೆಯಲ್ಲಿ ಡಾಮ್ರೇ ಎಂದರೆ ಆನೆ. ಆ ಶ್ರೇಣಿಯ ಬೊಕೋರ್ ಪ್ರಸ್ಥಭೂಮಿಯ ಅಂಚಿನಲ್ಲಿ, ಸಾವಿರ ಮೀಟರಿಗೂ ಮಿಕ್ಕ ಎತ್ತರದಲ್ಲಿ, ಒಂದು ಹೋಟೆಲು ದಶಕಗಳ ಕಾಲ ಹಾಳುಬಿದ್ದಿತ್ತು. ಬಾಗಿಲು ಕಿಟಕಿಗಳು ಕಳಚಿಹೋಗಿದ್ದವು. ಗೋಡೆಗಳನ್ನೆಲ್ಲ ಕಿತ್ತಳೆ ಬಣ್ಣದ ಕಲ್ಲುಹೂವು ಆವರಿಸಿತ್ತು. ಕಡಲಿನ ಕಡೆಯಿಂದ ಏರಿಬರುವ ಮಂಜು ಕೆಲವೇ ನಿಮಿಷಗಳಲ್ಲಿ ಕಟ್ಟಡವನ್ನು ಮರೆಮಾಡುತ್ತಿತ್ತು. ಇಂಥ ಸ್ಥಳಕ್ಕೆ ದೆವ್ವದ ಕಥೆಗಳು ಅಂಟಿಕೊಳ್ಳದಿದ್ದರೆ ಆಶ್ಚರ್ಯಪಡಬೇಕು. ಜಾನಪದದ ವಿದ್ಯಾರ್ಥಿಗೆ ಮುಖ್ಯವಾಗುವುದು ಅಲ್ಲಿ ದೆವ್ವವಿದೆಯೇ ಎಂಬ ಪ್ರಶ್ನೆಯಲ್ಲ. ಅಲ್ಲಿ ಸತ್ತವರಲ್ಲಿ ಯಾರು ದೆವ್ವವಾದರು, ಯಾರು ಆಗಲಿಲ್ಲ ಎಂಬ ಪ್ರಶ್ನೆ.

ಬಯಲಿನ ಬೇಗೆ ತಾಳಲಾರದೆ ಬ್ರಿಟಿಷರು ನೀಲಗಿರಿಯಲ್ಲಿ ಉದಕಮಂಡಲವನ್ನು ಕಟ್ಟಿಕೊಂಡರು. ಅದೇ ಕಾರಣಕ್ಕೆ ಫ್ರೆಂಚರು ಇಂಡೋಚೀನಾದ ಬೆಟ್ಟಗಳನ್ನು ಹುಡುಕಿ ಹೋದರು. ವಿಯೆಟ್ನಾಮಿನ ದಲಾತ್ ಅವರ ದೊಡ್ಡ ಗಿರಿಧಾಮ. ಬೊಕೋರ್ ಅದಕ್ಕಿಂತ ಚಿಕ್ಕದು. ‘ಬೊಕೋರ್ ಪ್ಯಾಲೇಸ್’ ಹೋಟೆಲು 1925ರ ಫೆಬ್ರುವರಿ 14ರಂದು ಆರಂಭವಾಯಿತು. ಅದರ ಸುತ್ತ ಅಂಚೆ ಕಚೇರಿ, ಇಗರ್ಜಿ ಮುಂತಾದವು ಎದ್ದುನಿಂತವು. ಇವೆಲ್ಲಕ್ಕೂ ಮೊದಲು ಬೇಕಾಗಿದ್ದುದು ದಟ್ಟಾರಣ್ಯದ ಮೂಲಕ ಬೆಟ್ಟವೇರುವ ರಸ್ತೆ. ಅದನ್ನು ಕಡಿದವರು ಕೈದಿಗಳು ಮತ್ತು ಬಲವಂತದ ದುಡಿಮೆಗೆ ಹಿಡಿದುತಂದ ಖ್ಮೇರ್ ಕೂಲಿಗಳು. ಗಿರಿಧಾಮದ ನಿರ್ಮಾಣದಲ್ಲಿ ಸತ್ತವರ ಸಂಖ್ಯೆ ಸುಮಾರು 900 ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ.

ವಿಲಾಸದ ದಿನಗಳು ಬಹುಕಾಲ ಬಾಳಲಿಲ್ಲ. 1940ರ ದಶಕದ ಯುದ್ಧಗಳಲ್ಲಿ ಫ್ರೆಂಚರು ಬೆಟ್ಟವನ್ನು ತೊರೆದರು. 1962ರಲ್ಲಿ, ನರೋದಮ್ ಸಿಹಾನೂಕರ ಕಾಲದಲ್ಲಿ, ಗಿರಿಧಾಮಕ್ಕೆ ಮತ್ತೆ ಜೀವ ಬಂತು. ಜೂಜಿನ ಕ್ಯಾಸಿನೊ ಕೂಡ ಬಂತು. ಹತ್ತೇ ವರ್ಷಗಳಲ್ಲಿ, 1972ರಲ್ಲಿ, ಖ್ಮೇರ್ ರೂಜ್ ಪಡೆಗಳು ಆ ಪ್ರದೇಶವನ್ನು ಹಿಡಿದಾಗ ಅದು ಎರಡನೆಯ ಬಾರಿಗೆ ನಿರ್ಜನವಾಯಿತು. 1979ರಲ್ಲಿ ವಿಯೆಟ್ನಾಂ ಸೈನ್ಯ ಕಾಂಬೋಡಿಯಾವನ್ನು ಪ್ರವೇಶಿಸಿದಾಗ ಇದೇ ಬೆಟ್ಟದ ಮೇಲೆ ಕಾಳಗ ನಡೆಯಿತು. ವಿಹಾರಕ್ಕೆಂದು ಕಟ್ಟಿದ ಗೋಡೆಗಳು ಗುಂಡಿಗೆ ಅಡ್ಡವಾದವು.

ಆದರೆ ಪ್ರವಾಸಿಗರ ಬಾಯಲ್ಲಿ ಹೆಚ್ಚು ಓಡಾಡುವ ಕಥೆ ಇವರಾರದೂ ಅಲ್ಲ, ಅದು ಜೂಜುಗಾರರದು. ಎಲ್ಲವನ್ನೂ ಕಳೆದುಕೊಂಡವರು ಹೋಟೆಲಿನ ಹಿಂದಿನ ಪ್ರಪಾತಕ್ಕೆ ಹಾರಿ ಪ್ರಾಣಬಿಟ್ಟರು, ಅವರು ಇಂದಿಗೂ ಮೊಗಸಾಲೆಗಳಲ್ಲಿ ಅಲೆಯುತ್ತಾರೆ ಎಂಬುದು ಅದರ ತಿರುಳು. ಜನಪದ ವಿದ್ವಾಂಸರು ‘ಐತಿಹ್ಯ’ವೆಂದು ಕರೆಯುವ ಪ್ರಕಾರದ ಲಕ್ಷಣಗಳು ಇದರಲ್ಲಿ ಸ್ಪಷ್ಟವಾಗಿವೆ: ಕೈತೋರಿಸಬಹುದಾದ ಸ್ಥಳ, ನಿಜವೆಂದು ಹೇಳುವ ಧಾಟಿ, ಹೆಸರಿಲ್ಲದ ಪಾತ್ರ. ಅಪಮೃತ್ಯುವಿಗೆ ಗುರಿಯಾದವರ ಆತ್ಮ ಸತ್ತ ಜಾಗವನ್ನು ಬಿಟ್ಟುಹೋಗದೆಂಬ ಖ್ಮೇರ್ ಜನರ ನಂಬಿಕೆಯೂ ಕಥೆಗೆ ಬಲ ನೀಡಿದೆ. ಹಾಗಿದ್ದರೆ ಈ ನಂಬಿಕೆಯ ಪ್ರಕಾರವೇ ಮೊದಲು ಅಲೆಯಬೇಕಾದವರು ರಸ್ತೆ ಕಡಿದು ಸತ್ತ ಕೂಲಿಗಳಲ್ಲವೇ? ಕಳೆದುಕೊಂಡ ಹಣಕ್ಕಾಗಿ ಸತ್ತವನಲ್ಲಿ ಕಥೆಗೆ ಬೇಕಾದ ತಿರುವು ಇದೆ. ಜ್ವರದಿಂದಲೋ ದಣಿವಿನಿಂದಲೋ ಕುಸಿದವನಲ್ಲಿ ಅದು ಕಾಣುವುದಿಲ್ಲ. ಹೇಳುವವರೂ ಕೇಳುವವರೂ ಹೋಟೆಲಿಗೆ ಬಂದ ಅತಿಥಿಗಳೇ ಆದಾಗ, ದೆವ್ವವೂ ಅತಿಥಿಯೇ ಆಗಿಬಿಡುತ್ತದೆ.

ಬೆಟ್ಟಕ್ಕೆ ತನ್ನದೇ ಆದ ಹಳೆಯ ಶಕ್ತಿಯೊಂದಿದೆ: ಪಯಣಿಗರನ್ನು ಕಾಯುವ ಯೇಯ್ ಮಾವ್ ಅಜ್ಜಿ. ಅವಳದು ಕೂಡ ದುರಂತದ ಸಾವೆಂದೇ ಕಥೆಗಳು ಹೇಳುತ್ತವೆ. ಆದರೆ ಅವಳಿಗೆ ಹೆಸರುಂಟು, ಹರಕೆಯುಂಟು. ಆದ್ದರಿಂದ ಅವಳು ದೆವ್ವವಲ್ಲ, ದೇವತೆ. ಕಾಸರಗೋಡಿನ ಭೂತಾರಾಧನೆಯನ್ನು ಕಂಡವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಿನಿಮಾ ಕೂಡ ಹೋಟೆಲಿನ ಭಯವನ್ನು ಬಳಸಿಕೊಂಡಿತು. 2004ರ ಕೊರಿಯನ್ ಭಯಾನಕ ಚಿತ್ರ ‘ಆರ್-ಪಾಯಿಂಟ್’ ಇಲ್ಲಿ ಚಿತ್ರೀಕರಣಗೊಂಡಿತು. ಅದರಲ್ಲಿ ಕಾಣುವುದು ವಿಯೆಟ್ನಾಂ ಯುದ್ಧದ ಕೊರಿಯನ್ ಸೈನಿಕರು. 2018ರಲ್ಲಿ ಹೋಟೆಲು ದುರಸ್ತಿಗೊಂಡು ಮತ್ತೆ ತೆರೆಯಿತು. ಕಲ್ಲುಹೂವನ್ನು ಉಜ್ಜಿ ತೆಗೆದು ಗೋಡೆಗಳಿಗೆ ಬಣ್ಣ ಬಳಿಯಲಾಗಿದೆ. ಅತಿಥಿಗಳು ಈಗ ಅಗಲವಾದ ಹೊಸ ರಸ್ತೆಯಲ್ಲಿ ಮೇಲೇರಿ ಬರುತ್ತಾರೆ.